ಉಪ್ಪಿನಕಾಯಿ ಬಾಟಲಿ ಗಡಿ ದಾಟುವ ಮುನ್ನ

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಎಂಬ ಚೀಟಿಗಳು ಅಂಟಿಕೊಂಡಿದ್ದು ಓದುಗರಿಗೆ ನೆನಪಿರಬಹುದು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಈಚಿನ ಯುಪಿಐ ಲೆಕ್ಕ ತರಿಸಿಕೊಂಡು, ಜಿಎಸ್‌ಟಿ ನೋಂದಣಿಯ ಮಿತಿಯಾದ ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಹೆಚ್ಚು ಜಮಾ ಆದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ ನೋಟಿಸ್ ಹೋಗಿದ್ದವು. ವ್ಯಾಪಾರದ ದುಡ್ಡು, ಚೀಟಿ ಎತ್ತಿದ ದುಡ್ಡು, ಕೈಸಾಲ, ಊರಿನಿಂದ ತಮ್ಮ ಕಳಿಸಿದ್ದು ಎಲ್ಲವೂ ಒಂದೇ ಖಾತೆಗೆ ಬಿದ್ದಿದ್ದರಿಂದ ಯಾವುದು ವಹಿವಾಟು, ಯಾವುದು ಅಲ್ಲ ಎಂದು ತೋರಿಸಲು ಅನೇಕರ ಬಳಿ ಒಂದು ನೋಟ್‌ಬುಕ್ಕೂ ಇರಲಿಲ್ಲ. ಗಲಾಟೆ ಜೋರಾಗಿ, ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿ ಸಂಘಟನೆಗಳ ಜತೆ ಸಭೆ ನಡೆಸಿ, ನೋಂದಣಿ ಮಾಡಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಎಂದ ಮೇಲೆ ವಾತಾವರಣ ತಣ್ಣಗಾಯಿತು.

ಈ ಗಲಾಟೆಯಿಂದ ಹೊಸದಾಗಿ ಆನ್‌ಲೈನ್ ವ್ಯಾಪಾರಕ್ಕೆ ಇಳಿಯುವವರ ತಲೆಯಲ್ಲಿ ಉಳಿದಿದ್ದು ಒಂದೇ ಮಾತು: ‘40 ಲಕ್ಷದವರೆಗೆ ನಮಗೇನೂ ಬೇಡ’. ಬೀದಿಯ ಅಂಗಡಿಗೆ ಈ ಮಾತು ಸರಿ. ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ಹಿಡಿದು ಕೊರಿಯರ್ ಮಾಡುವವರಿಗೆ ಬಹುಪಾಲು ತಪ್ಪು. ಅಂಗಡಿಯ ಗಿರಾಕಿ ಅದೇ ಬೀದಿಯವನು. ಇನ್‌ಸ್ಟಾಗ್ರಾಂ ಗಿರಾಕಿ ಪುಣೆಯಲ್ಲಿರುತ್ತಾನೆ, ಹೈದರಾಬಾದಿನಲ್ಲಿರುತ್ತಾನೆ. ನಮ್ಮ ಕಾನೂನುಗಳು ಸಣ್ಣ ವ್ಯಾಪಾರಿಯನ್ನು ಹಿಡಿಯುವುದು ಎಷ್ಟು ಮಾರಿದಿರಿ ಎಂಬುದರಿಂದ ಅಲ್ಲ. ಎಲ್ಲಿಗೆ ಕಳಿಸಿದಿರಿ, ಯಾರ ಮೂಲಕ ಕಳಿಸಿದಿರಿ, ಯಾವ ಪೊಟ್ಟಣದಲ್ಲಿ ಕಳಿಸಿದಿರಿ ಎಂಬುದರಿಂದ. ಈ ಮೂರು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಂಡರೆ ಅರ್ಧ ತಯಾರಿ ಮುಗಿದಂತೆ.

ಒಂದು ಅಡುಗೆಮನೆಯನ್ನೇ ತೆಗೆದುಕೊಳ್ಳೋಣ. ಶಿರಸಿಯ ಕಡೆಯ ಒಂದು ಮನೆಯಲ್ಲಿ ಹಲಸಿನ ಹಪ್ಪಳವನ್ನೂ ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ಮಾಡುತ್ತಾರೆ ಎಂದುಕೊಳ್ಳಿ. ಹಪ್ಪಳಕ್ಕೆ, ಹೋಟೆಲಿನಲ್ಲಿ ತಟ್ಟೆಗೆ ಬಡಿಸಿದ್ದು ಬಿಟ್ಟರೆ, ಜಿಎಸ್‌ಟಿಯೇ ಇಲ್ಲ. ತೆರಿಗೆಯಿಲ್ಲದ ಸರಕನ್ನು ಮಾತ್ರ ಮಾರುವವರಿಗೆ ನೋಂದಣಿಯ ಹೊಣೆ ಇಲ್ಲ ಎಂದು ಸಿಜಿಎಸ್‌ಟಿ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಬರೀ ಹಪ್ಪಳ ಮಾರುವವರು ಮುಂಬೈಗೂ ಕಳಿಸಬಹುದು, ದೆಹಲಿಗೂ ಕಳಿಸಬಹುದು. ಉಪ್ಪಿನಕಾಯಿಗೆ ತೆರಿಗೆ ಇದೆ. 2025ರ ಸೆಪ್ಟೆಂಬರ್ 22ರ ದರ ಬದಲಾವಣೆಯಲ್ಲಿ ಶೇ 12ರಿಂದ 5ಕ್ಕೆ ಇಳಿಯಿತು. ದರ ಇಳಿದರೂ ಕಟ್ಟು ಸಡಿಲವಾಗಲಿಲ್ಲ. 24ನೇ ಸೆಕ್ಷನ್ ಪ್ರಕಾರ ತೆರಿಗೆಯುಳ್ಳ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರು ವಹಿವಾಟು ಎಷ್ಟೇ ಇರಲಿ, ನೋಂದಣಿ ಮಾಡಿಸಲೇಬೇಕು. ಶಿರಸಿಯಿಂದ ಬೀದರ್‌ಗೆ ಸಾವಿರ ಬಾಟಲಿ ಕಳಿಸಿದರೂ ನಡೆಯುತ್ತದೆ. ಗೋವಾಕ್ಕೆ ಒಂದೇ ಒಂದು ಬಾಟಲಿ ಹೊರಟರೆ ಜಿಎಸ್‌ಟಿ ನಂಬರ್ ಬೇಕು. ಹಪ್ಪಳ, ಉಪ್ಪಿನಕಾಯಿ ಎರಡನ್ನೂ ಒಬ್ಬರೇ ಮಾರುತ್ತಿದ್ದರೆ ಹಪ್ಪಳದ ವಿನಾಯಿತಿಯ ಆಶ್ರಯವೂ ಹೋಯಿತು. ಮಿತಿ ಲೆಕ್ಕ ಹಾಕುವಾಗ ಹಪ್ಪಳದ ಮಾರಾಟವೂ ಸೇರಿಕೊಳ್ಳುತ್ತದೆ.

ಇನ್ನೊಂದು ಕಡೆ ಗೊಂಬೆಗಳ ಊರು ಚನ್ನಪಟ್ಟಣವನ್ನು ನೋಡಿ. ಕೈಕಸುಬಿನ ಸರಕುಗಳ ಒಂದು ಪಟ್ಟಿಯನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು, ಅದರಲ್ಲಿ ಕಡೆದು ಅರಗು ಬಣ್ಣ ಹಚ್ಚಿದ ಮರದ ಸಾಮಾನು ಇದೆ. ಇವನ್ನು ಮಾಡುವವರು ಪ್ಯಾನ್ ಪಡೆದು, ವರ್ಷಕ್ಕೆ 20 ಲಕ್ಷದವರೆಗೆ ನೋಂದಣಿ ಇಲ್ಲದೆಯೂ ಹೊರರಾಜ್ಯಕ್ಕೆ ಮಾರಬಹುದು. ಆನ್‌ಲೈನಿನಲ್ಲಿ ಸಂಗೀತ ಹೇಳಿಕೊಡುವವರು, ಲೋಗೊ ಬಿಡಿಸಿ ಕೊಡುವವರು ಸೇವೆಯ ಗುಂಪಿಗೆ ಬರುತ್ತಾರೆ. ಅವರಿಗೂ 20 ಲಕ್ಷದವರೆಗೆ ರಾಜ್ಯದ ಗಡಿಯ ತಕರಾರಿಲ್ಲ. ಗೊಂಬೆಗೆ, ಸಂಗೀತಕ್ಕೆ ಇರುವ ರಿಯಾಯಿತಿ ಕೈಯಲ್ಲೇ ಕಲಸಿದ ಉಪ್ಪಿನಕಾಯಿಗೆ ಯಾಕಿಲ್ಲ ಎಂದು ಕೇಳಿದರೆ ಸಮಂಜಸವಾದ ಉತ್ತರ ನನಗಂತೂ ಕಾಣುವುದಿಲ್ಲ.

ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಥರದ ಮಳಿಗೆಗಳ ಮೂಲಕ ಮಾರುವವರಿಗೆ ಲೆಕ್ಕ ಬೇರೆ. ಮೊದಲು ಇಲ್ಲಿಯೂ ಒಂದು ರೂಪಾಯಿ ವಹಿವಾಟಿಗೂ ನೋಂದಣಿ ಬೇಕಿತ್ತು. 2023ರ ಅಕ್ಟೋಬರ್ 1ರಿಂದ, ಮಿತಿಯೊಳಗಿನ ಚಿಕ್ಕವರು ಜಿಎಸ್‌ಟಿ ಜಾಲತಾಣದಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದು ತಮ್ಮ ರಾಜ್ಯದೊಳಗೆ ಮಾತ್ರ ಮಾರಬಹುದು. ನೋಂದಣಿ ಇರುವವರ ಮಾರಾಟದ ಹಣದಲ್ಲಿ ಮಳಿಗೆಯವರು ಜಿಎಸ್‌ಟಿ ಲೆಕ್ಕದಲ್ಲಿ ಶೇ 0.5 ಹಿಡಿದುಕೊಳ್ಳುತ್ತಾರೆ, 2024ರ ಅಕ್ಟೋಬರ್‌ನಿಂದ ಆದಾಯ ತೆರಿಗೆಯ ಲೆಕ್ಕದಲ್ಲಿ ಹಿಡಿಯುವುದು ಶೇ 0.1. ಇದು ಕಳೆದುಹೋದ ದುಡ್ಡಲ್ಲ, ರಿಟರ್ನ್ ಸಲ್ಲಿಸಿದರೆ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಸಲ್ಲಿಸದವರಿಗೆ ಮಾತ್ರ ಅದು ಹೋದದ್ದೇ.

ಕಾಂಪೊಸಿಷನ್ ಪದ್ಧತಿಯ ಬಗ್ಗೆ ಬಹಳ ಜನ ಆಸೆಯಿಂದ ಕೇಳುತ್ತಾರೆ. ಒಂದೂವರೆ ಕೋಟಿಯವರೆಗಿನ ವಹಿವಾಟಿಗೆ ಶೇ 1 ಕಟ್ಟಿ ಕೈತೊಳೆದುಕೊಳ್ಳುವ ವ್ಯವಸ್ಥೆ ಅದು. ಊರಿನ ಅಂಗಡಿಗೆ ಚೆನ್ನಾಗಿ ಒಪ್ಪುತ್ತದೆ. ಹೊರರಾಜ್ಯಕ್ಕೆ ಮಾರುವಂತಿಲ್ಲ ಎಂಬ ಷರತ್ತಿರುವುದರಿಂದ ಕೊರಿಯರ್ ನಂಬಿದ ವ್ಯಾಪಾರಕ್ಕೆ ಅದು ಉಪಯೋಗವಿಲ್ಲ.

ಜಿಎಸ್‌ಟಿ ನೋಂದಣಿಗೆ ಸರ್ಕಾರಿ ಶುಲ್ಕ ಇಲ್ಲ. ಕಷ್ಟ ಇರುವುದು ನಂಬರ್ ಪಡೆಯುವುದರಲ್ಲಿ ಅಲ್ಲ, ಉಳಿಸಿಕೊಳ್ಳುವುದರಲ್ಲಿ. ಮೊದಲ ಎರಡು ತಿಂಗಳು ಹುಮ್ಮಸ್ಸು, ಆಮೇಲೆ ಆರ್ಡರ್ ಇಲ್ಲ, ಆರ್ಡರ್ ಇಲ್ಲವಾದ್ದರಿಂದ ರಿಟರ್ನೂ ಇಲ್ಲ: ಹೀಗೆ ನಂಬರ್ ಕಳೆದುಕೊಂಡವರು ಬೇಕಾದಷ್ಟು ಜನ. ಮಾರಾಟ ಶೂನ್ಯವಾದರೂ ರಿಟರ್ನ್ ಸಲ್ಲಿಸಬೇಕು. ತಡವಾದರೆ ಶೂನ್ಯ ರಿಟರ್ನಿಗೆ ದಿನಕ್ಕೆ 20 ರೂಪಾಯಿ, ಮಾರಾಟ ಇದ್ದರೆ ದಿನಕ್ಕೆ 50 ರೂಪಾಯಿ ದಂಡ ಬೀಳುತ್ತದೆ. ಬಹುಕಾಲ ಸಲ್ಲಿಸದಿದ್ದರೆ ನೋಂದಣಿಯೇ ರದ್ದು. ಐದು ಕೋಟಿಯವರೆಗಿನ ವಹಿವಾಟಿನವರು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಪದ್ಧತಿ ಆರಿಸಿಕೊಳ್ಳಬಹುದು. ಸಣ್ಣವರು ಕಣ್ಣು ಮುಚ್ಚಿ ಅದನ್ನೇ ಆರಿಸಿಕೊಳ್ಳುವುದು ಲೇಸು.

ನೋಂದಣಿಗೆ ವಿಳಾಸ ಕೊಡುವಾಗ ಬಾಡಿಗೆ ಮನೆಯವರಿಗೆ ಒಂದು ತೊಡಕು ಎದುರಾಗುತ್ತದೆ. ಕರೆಂಟ್ ಬಿಲ್ ಮಾಲೀಕರ ಹೆಸರಿನಲ್ಲಿರುತ್ತದೆ, ಬಾಡಿಗೆ ಕರಾರು ಅಥವಾ ಒಪ್ಪಿಗೆ ಪತ್ರ ಬೇಕಾಗುತ್ತದೆ. ‘ಮನೇಲಿ ಬಿಸಿನೆಸ್ ಅಂದ್ರೆ ಕಂದಾಯ ಜಾಸ್ತಿ ಹಾಕ್ತಾರಮ್ಮ, ಕರೆಂಟಿನವರು ಮೀಟರ್ ಬದಲಾಯಿಸ್ತಾರೆ’ ಎಂದು ಮಾಲೀಕರು ಹಿಂದೆ ಸರಿಯುತ್ತಾರೆ. ಅವರ ಭಯಕ್ಕೂ ಕಾರಣ ಇಲ್ಲದಿಲ್ಲ. ವಸತಿ ಕಟ್ಟಡದ ವಾಣಿಜ್ಯ ಬಳಕೆಗೆ ಸ್ಥಳೀಯ ಸಂಸ್ಥೆಯ ದರ ಬೇರೆ, ವಿದ್ಯುತ್ತಿನ ದರವೂ ಬೇರೆ. ಆದ್ದರಿಂದ ಮನೆ ಮಾಲೀಕರ ಜತೆ ಮಾತು ಮೊದಲು, ಬ್ರ್ಯಾಂಡಿನ ಹೆಸರು ಆಮೇಲೆ. ಉದ್ಯೋಗದಲ್ಲಿ ಇದ್ದುಕೊಂಡೇ ಶುರು ಮಾಡುವವರೂ ಮೊದಲು ತಮ್ಮ ಕಾಗದ ನೋಡಿಕೊಳ್ಳಬೇಕು. ಸರ್ಕಾರಿ ನೌಕರರಿಗೆ ನಡತೆ ನಿಯಮಗಳ ಅಡ್ಡಿ ಇದೆ. ಐಟಿ ಕಂಪನಿಯವರ ನೇಮಕಾತಿ ಪತ್ರದಲ್ಲಿ ಬೇರೆ ದುಡಿಮೆ ಮಾಡುವಂತಿಲ್ಲ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ.

ಇನ್ನು ಪೊಟ್ಟಣದ ವಿಷಯ. ಆಹಾರ ಮಾರುವವರೆಂದರೆ, ಮನೆಯ ಒಲೆಯ ಮೇಲೆ ಮಾಡಿದರೂ, ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ವಹಿವಾಟು ಚಿಕ್ಕದಾಗಿದ್ದರೆ ಸರಳ ನೋಂದಣಿ, ದೊಡ್ಡದಾದರೆ ಪರವಾನಗಿ; ಅರ್ಜಿ ಹಾಕುವುದು ‘ಫಾಸ್ಕಾಸ್’ ಜಾಲತಾಣದಲ್ಲಿ. ಸಿಗುವ 14 ಅಂಕಿಯ ಸಂಖ್ಯೆಯನ್ನು ಪ್ರತಿ ಪೊಟ್ಟಣದ ಮೇಲೆ ಹಾಕಬೇಕು. ಅದರ ಜತೆಗೆ ತೂಕ ಮತ್ತು ಅಳತೆಯ ಕಾನೂನು ಬರುತ್ತದೆ, ಮನೆಯವರಾರೂ ನಿರೀಕ್ಷಿಸದ ಕಡೆಯಿಂದ. 2011ರ ಪೊಟ್ಟಣ ಸರಕು ನಿಯಮಗಳ ಪ್ರಕಾರ ಮೊದಲೇ ತೂಕ ಮಾಡಿ ಪ್ಯಾಕ್ ಮಾಡಿದ ಯಾವುದೇ ಸರಕಿನ ತಯಾರಕರು ಅಥವಾ ಪ್ಯಾಕ್ ಮಾಡುವವರು ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಶುಲ್ಕ 500 ರೂಪಾಯಿ. ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗೂ ವರ್ಷಕ್ಕೊಮ್ಮೆ ಇಲಾಖೆಯ ಮುದ್ರೆ ಬೀಳಬೇಕು. ಆನ್‌ಲೈನಿನಲ್ಲಿ ತರಿಸಿದ ಅಡುಗೆಮನೆಯ ತಕ್ಕಡಿ ಚಕ್ಕುಲಿ ಹಿಟ್ಟು ಅಳೆಯಲು ಸಾಕು, ಮಾರಾಟಕ್ಕೆ ಸಾಲದು.

ಅರ್ಧ ಕೆಜಿಯ ಉಪ್ಪಿನಕಾಯಿ ಬಾಟಲಿಯ ಲೇಬಲ್ ಹೇಗಿರಬೇಕು ನೋಡಿ. ಪದಾರ್ಥದ ಹೆಸರು, ಏನೇನು ಹಾಕಿದೆ ಎಂಬ ಪಟ್ಟಿ ಹೆಚ್ಚಿನದರಿಂದ ಕಡಿಮೆಯದಕ್ಕೆ, ಚೌಕದೊಳಗೆ ಹಸಿರು ಚುಕ್ಕೆ, ನಿವ್ವಳ ತೂಕ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನ, ಯಾವ ದಿನದೊಳಗೆ ಬಳಸಬೇಕು, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ತಯಾರಕರ ಪೂರ್ತಿ ವಿಳಾಸ, ದೂರು ಹೇಳಲು ಫೋನ್ ಮತ್ತು ಇಮೇಲ್. ಇವೆಲ್ಲದರ ಜತೆ ಒಂದು ಗ್ರಾಮಿನ ಬೆಲೆ: ಬಾಟಲಿಗೆ 250 ರೂಪಾಯಿಯಾದರೆ ಗ್ರಾಮಿಗೆ 50 ಪೈಸೆ ಎಂದು. ಮೊದಲ ಸಲ ಸ್ಟಿಕರ್ ಮುದ್ರಿಸುವವರು ಬಿಡುವುದು ಸಾಮಾನ್ಯವಾಗಿ ಈ ಕೊನೆಯ ಸಾಲನ್ನೇ. ಇವುಗಳಲ್ಲಿ ಬಹುಪಾಲು ವಿವರ ಜಾಲತಾಣದ ಪುಟದಲ್ಲೂ ಇರಬೇಕು, ತಯಾರಾದ ದೇಶವೂ ಸೇರಿ. ಇನ್ನು ‘ಶುಗರ್ ಮಾಯ’, ‘ಮಂಡಿನೋವು ಹೋಗುತ್ತದೆ’ ಎಂದು ನೇರಳೆ ಬೀಜದ ಪುಡಿಯ ಮೇಲೆ ಬರೆಯುವ ಚಟ ಇದೆಯಲ್ಲ, ಅದನ್ನು ಬಿಟ್ಟುಬಿಡಿ. ಮಧುಮೇಹ ವಾಸಿಯಾಗುತ್ತದೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ.

ಹೆಸರಿನ ವಿಷಯದಲ್ಲಿ ಕನ್ನಡ ನಾಡಿನವರು ಎಚ್ಚರ ವಹಿಸಬೇಕಾದ ಒಂದು ಸಂಗತಿ ಇದೆ. ಮೈಸೂರು ರೇಷ್ಮೆ, ಇಳಕಲ್ ಸೀರೆ, ಧಾರವಾಡ ಪೇಡ, ಬ್ಯಾಡಗಿ ಮೆಣಸಿನಕಾಯಿ, ಅಪ್ಪೆಮಿಡಿ, ಚನ್ನಪಟ್ಟಣದ ಗೊಂಬೆ ಎಲ್ಲವೂ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಹೆಸರುಗಳು. ಬೇರೆ ಊರಿನ ಪವರ್‌ಲೂಮ್ ಸೀರೆ ತಂದು ‘ಇಳಕಲ್’ ಎಂದು ಬರೆದು ಮಾರಿದರೆ ಅದು ಸುಳ್ಳು ಮಾತ್ರವಲ್ಲ, 1999ರ ಕಾಯ್ದೆಯ ಪ್ರಕಾರ ಅಪರಾಧ. ನಿಮ್ಮದೇ ಬ್ರ್ಯಾಂಡಿನ ಹೆಸರನ್ನು ಕಾಪಾಡಿಕೊಳ್ಳಬೇಕೆಂದರೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿ. ಆನ್‌ಲೈನಿನಲ್ಲಿ ಅರ್ಜಿ ಹಾಕುವ ಒಬ್ಬ ವ್ಯಕ್ತಿಗೆ ಒಂದು ವರ್ಗಕ್ಕೆ ಶುಲ್ಕ 4,500 ರೂಪಾಯಿ, ದೊಡ್ಡ ಕಂಪನಿಗೆ ಅದರ ಎರಡರಷ್ಟು. ನೋಂದಣಿ ಹತ್ತು ವರ್ಷ ನಡೆಯುತ್ತದೆ. ಮೊದಲ ವರ್ಷವೇ ಹಾಕಬೇಕೆಂದೇನೂ ಇಲ್ಲ. ಆದರೆ ಆ ಹೆಸರು ಬೇರೆಯವರ ಪಾಲಾಗಿದೆಯೇ ಎಂದು ನೋಂದಣಿ ಕಚೇರಿಯ ತಾಣದಲ್ಲಿ ಹುಡುಕುವುದಕ್ಕೆ ದುಡ್ಡು ಬೇಡ. ಸಾವಿರ ಲೇಬಲ್ ಮುದ್ರಿಸುವ ಮುಂಚೆ ಅದನ್ನು ಮಾಡಲೇಬೇಕು.

ಗಿರಾಕಿಯ ಕೈಯಲ್ಲಿರುವ ಕಾನೂನು ಕೂಡ ಬಲವಾದದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಗ್ರಾಹಕರು ತಾವಿರುವ ಊರಿನಲ್ಲೇ ದೂರು ಕೊಡಬಹುದು. ಮೈಸೂರಿನಿಂದ ಸೀರೆ ಕಳಿಸಿದವರು ನಾಗಪುರದ ಆಯೋಗಕ್ಕೆ ಉತ್ತರ ಕೊಡಬೇಕಾಗಿ ಬರಬಹುದು. 2020ರ ಇ-ಕಾಮರ್ಸ್ ನಿಯಮಗಳು ಮಾರುವವರಿಗೂ ಹೊಣೆ ಹೊರಿಸಿವೆ: ಕುಂದುಕೊರತೆಗೆ ಒಬ್ಬರ ಹೆಸರು ತಿಳಿಸಬೇಕು, 48 ಗಂಟೆಯಲ್ಲಿ ದೂರು ತಲುಪಿದೆ ಎನ್ನಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು, ದೋಷವಿರುವ ಸರಕು ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ‘ನೋ ರಿಟರ್ನ್, ನೋ ಎಕ್ಸ್‌ಚೇಂಜ್’ ಎಂದು ಇನ್‌ಸ್ಟಾಗ್ರಾಂನಲ್ಲಿ ದಪ್ಪಕ್ಷರದಲ್ಲಿ ಹಾಕಿಕೊಂಡರೆ ರಕ್ಷಣೆ ಸಿಕ್ಕಿತು ಎಂದು ಬಹಳ ಜನ ತಿಳಿದಿದ್ದಾರೆ. ಹರಿದ ಸೀರೆಯ ಮುಂದೆ ಆ ಬರಹ ನಿಲ್ಲುವುದಿಲ್ಲ. ಬಾಕ್ಸ್ ಕಟ್ಟುವಾಗ ಮೊಬೈಲಿನಲ್ಲಿ ಒಂದು ವಿಡಿಯೊ ಮಾಡಿಟ್ಟುಕೊಳ್ಳುವುದು ಅದಕ್ಕಿಂತ ಗಟ್ಟಿ ರಕ್ಷಣೆ.

ವ್ಯಾಪಾರದ ರೂಪದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಬ್ಬರೇ ಮಾಡುವುದಾದರೆ ಪ್ರೊಪ್ರೈಟರ್ ಆಗಿ ಶುರು ಮಾಡಿ. ಪ್ರೈವೇಟ್ ಲಿಮಿಟೆಡ್ ಮಾಡಿಸಿಕೊಡುತ್ತೇವೆ ಎಂದು ಬೆನ್ನು ಬೀಳುವ ಏಜೆಂಟರಿಗೆ ಕಮಿಷನ್ ಇದೆ, ನಿಮಗೆ ವರ್ಷವರ್ಷವೂ ಆಡಿಟ್ ಖರ್ಚು ಇದೆ. ಆದರೆ ಇಬ್ಬರು ಸೇರಿದರೆ ಮಾತು ಬೇರೆ. ಅಕ್ಕತಂಗಿಯರು, ಕಾಲೇಜಿನ ಗೆಳತಿಯರು ‘ನಮ್ಮಲ್ಲಿ ಕಾಗದ ಯಾಕೆ’ ಎಂದು ಬಾಯಿಮಾತಿನಲ್ಲೇ ಪಾಲು ಹಂಚಿಕೊಳ್ಳುತ್ತಾರೆ. ವ್ಯಾಪಾರ ನಡೆಯದಿದ್ದರೆ ಜಗಳ ಬರುವುದಿಲ್ಲ, ನಡೆದಾಗಲೇ ಬರುತ್ತದೆ. 1932ರ ಪಾಲುದಾರಿಕೆ ಕಾಯ್ದೆಯ 69ನೇ ಸೆಕ್ಷನ್ ಪ್ರಕಾರ ನೋಂದಣಿಯಾಗದ ಸಂಸ್ಥೆಯ ಪಾಲುದಾರರು ತಮ್ಮ ಒಪ್ಪಂದದ ಹಕ್ಕಿಗಾಗಿ ಪರಸ್ಪರರ ಮೇಲಾಗಲಿ, ದುಡ್ಡು ಕೊಡದ ಹೊರಗಿನವರ ಮೇಲಾಗಲಿ ದಾವೆ ಹೂಡಲಾರರು. ಯಾರದು ಎಷ್ಟು ಬಂಡವಾಳ, ಯಾರ ಕೆಲಸ ಏನು, ಇನ್‌ಸ್ಟಾಗ್ರಾಂ ಖಾತೆಯ ಪಾಸ್‌ವರ್ಡ್ ಯಾರದು, ಒಬ್ಬರು ಬಿಟ್ಟು ಹೋದರೆ ಹೆಸರು ಯಾರಿಗೆ ಎಂಬುದನ್ನು ಛಾಪಾಕಾಗದದಲ್ಲಿ ಬರೆದು, ಸಂಸ್ಥೆಯನ್ನು ನೋಂದಾಯಿಸಿಕೊಳ್ಳಿ. ಇಂದಿನ ಪಾಲುದಾರಿಕೆಯಲ್ಲಿ ಪಾಸ್‌ವರ್ಡಿನ ಸಾಲು ಬಂಡವಾಳದ ಸಾಲಿನಷ್ಟೇ ಮುಖ್ಯ.

ಹಣದ ತಯಾರಿಯಲ್ಲಿ ಮೊದಲ ಕೆಲಸ ಬೇರೆ ಬ್ಯಾಂಕ್ ಖಾತೆ. ಇದಕ್ಕೆ ಲೆಕ್ಕದ ಶಿಸ್ತಿಗಿಂತ ದೊಡ್ಡ ಕಾರಣ ಈಗ ಹುಟ್ಟಿಕೊಂಡಿದೆ. ಸೈಬರ್ ವಂಚಕನೊಬ್ಬ ಯಾರಿಂದಲೋ ಕದ್ದ ದುಡ್ಡಿನಲ್ಲಿ ನಿಮ್ಮಲ್ಲಿ ಎರಡು ಸೀರೆ ಕೊಂಡ ಎಂದುಕೊಳ್ಳಿ. ದುಡ್ಡು ಕಳೆದುಕೊಂಡವರು ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡುತ್ತಾರೆ, ಹಣ ಹರಿದ ದಾರಿಯುದ್ದಕ್ಕೂ ಪೊಲೀಸರು ಖಾತೆಗಳಿಗೆ ತಡೆ ಹಾಕಿಸುತ್ತಾರೆ, ಕೊನೆಗೆ ನಿಮ್ಮ ಖಾತೆಯೂ ಫ್ರೀಜ್ ಆಗುತ್ತದೆ. ದೂರು ದಾಖಲಾಗಿದ್ದು ಯಾವುದೋ ರಾಜ್ಯದ ಠಾಣೆಯಲ್ಲಿ. ಮಗಳ ಫೀಸು, ಮನೆ ಸಾಲದ ಕಂತು ಅದೇ ಖಾತೆಯಲ್ಲಿದ್ದರೆ ಮನೆಯೇ ನಿಂತುಹೋಗುತ್ತದೆ. ವ್ಯಾಪಾರಕ್ಕೆ ಪ್ರತ್ಯೇಕ ಖಾತೆ, ಪ್ರತಿ ಮಾರಾಟಕ್ಕೂ ಬಿಲ್, ಪ್ರತಿ ಪಾರ್ಸೆಲ್‌ಗೂ ಕೊರಿಯರ್ ರಸೀದಿ ಇದ್ದರೆ ತಡೆ ತೆಗೆಸುವಾಗ ತೋರಿಸಲು ಏನಾದರೂ ಇರುತ್ತದೆ.

ಎರಡನೆಯದು ಅಸಲು ಲೆಕ್ಕ. ಅದೇ 250 ರೂಪಾಯಿಯ ಬಾಟಲಿಯನ್ನು ‘ಉಚಿತ ಡೆಲಿವರಿ’ ಎಂದು ಹೊರರಾಜ್ಯಕ್ಕೆ ಮಾರಿದಿರಿ. ಶೇ 5ರ ಜಿಎಸ್‌ಟಿ ಒಳಗೇ ಸೇರಿರುವುದರಿಂದ 11.90 ರೂಪಾಯಿ ಸರ್ಕಾರದ್ದು, ನಿಮ್ಮದು 238.10. ಮಿಡಿ, ಖಾರದ ಪುಡಿ, ಎಣ್ಣೆ ಎಂದು 90, ಬಾಟಲಿ, ಮುಚ್ಚಳ, ಲೇಬಲ್‌ಗೆ 25, ರಟ್ಟಿನ ಪೆಟ್ಟಿಗೆ, ಬಬಲ್ ಶೀಟಿಗೆ 15, ಕೊರಿಯರ್‌ಗೆ 75, ಪೇಮೆಂಟ್ ಗೇಟ್‌ವೇಗೆ ಹತ್ತಿರಹತ್ತಿರ 6 ಎಂದು ಹಿಡಿಯೋಣ. ಒಟ್ಟು 211. ಉಳಿದಿದ್ದು 27 ರೂಪಾಯಿ. ಗ್ಯಾಸು, ಕರೆಂಟು, ನಿಮ್ಮ ದುಡಿಮೆ ಎಲ್ಲ ಈ 27ರಲ್ಲೇ. ಇಪ್ಪತ್ತರಲ್ಲಿ ಒಂದು ಬಾಟಲಿ ದಾರಿಯಲ್ಲಿ ಒಡೆದು ಇನ್ನೊಂದು ಕಳಿಸಬೇಕಾಗಿ ಬಂದರೆ ತಲಾ ಹತ್ತು ರೂಪಾಯಿಗೂ ಹೆಚ್ಚು ಅಲ್ಲಿಗೆ ಹೋಯಿತು. ಅರ್ಧ ಕೆಜಿ ಉಪ್ಪಿನಕಾಯಿಯಾದರೂ ಗಾಜು, ಪೆಟ್ಟಿಗೆ ಸೇರಿ ಕೊರಿಯರ್‌ನವರ ಲೆಕ್ಕದಲ್ಲಿ ಒಂದು ಕೆಜಿಯ ಹಂತಕ್ಕೆ ಹೋಗುತ್ತದೆ. ಪೆಟ್ಟಿಗೆ ದೊಡ್ಡದಾದರೆ ಉದ್ದ, ಅಗಲ, ಎತ್ತರ ಗುಣಿಸಿ ಇನ್ನೂ ಮೇಲೆ ಹಾಕುತ್ತಾರೆ. ಗಾಜಿನ ಬಾಟಲಿಗೂ ಕೊರಿಯರ್‌ಗೂ ಶೇ 18 ಜಿಎಸ್‌ಟಿ ಇದೆ. ನೋಂದಣಿ ಇದ್ದವರು ಆ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ನೋಂದಣಿ ಎಂದರೆ ಬರೀ ಹೊರೆ ಎನ್ನುವವರು ಈ ವಜಾ ಲೆಕ್ಕ ಹಾಕಿರುವುದಿಲ್ಲ.

ಆದಾಯ ತೆರಿಗೆಯಲ್ಲಿ ಸಣ್ಣವರಿಗೆ ಒಳ್ಳೆಯ ಅನುಕೂಲ ಇದೆ. ಹಳೆಯ ಕಾಯ್ದೆಯ 44ಎಡಿ ಸೆಕ್ಷನ್ ಎಂದು ಹೆಸರಾದ ಅಂದಾಜು ಲಾಭದ ಪದ್ಧತಿಯಲ್ಲಿ, ಬ್ಯಾಂಕ್ ಮೂಲಕ ಬಂದ ವಹಿವಾಟಿನ ಶೇ 6, ನಗದಿನ ಶೇ 8 ಲಾಭವೆಂದು ತೋರಿಸಿದರೆ ಪೂರ್ತಿ ಲೆಕ್ಕಪುಸ್ತಕದ ಒತ್ತಾಯ ಇಲ್ಲ. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ಸೆಕ್ಷನ್‌ಗಳ ಸಂಖ್ಯೆ ಬದಲಾಗಿರುವುದರಿಂದ ಹಳೆಯ ಸಂಖ್ಯೆ ಹಿಡಿದು ಹುಡುಕುವವರು ಗೊಂದಲಕ್ಕೆ ಬೀಳಬಾರದು.

ಬಂಡವಾಳಕ್ಕೆ ಮುದ್ರಾ ಸಾಲ ಇದೆ. ಶಿಶು ವರ್ಗದಲ್ಲಿ 50 ಸಾವಿರದವರೆಗೆ, ಮೇಲಿನ ವರ್ಗಗಳಲ್ಲಿ ಹೆಚ್ಚು. ಆಹಾರ ತಯಾರಿಸುವವರಿಗೆ ಪಿಎಂಎಫ್‌ಎಂಇ ಯೋಜನೆಯ ಶೇ 35ರ ಸಹಾಯಧನಕ್ಕೆ ಕರ್ನಾಟಕ ತನ್ನ ಶೇ 15 ಸೇರಿಸಿ ಗರಿಷ್ಠ 15 ಲಕ್ಷದವರೆಗೆ ಕೊಟ್ಟಿದೆ; ಇಲ್ಲಿ ಅದನ್ನು ನೋಡಿಕೊಳ್ಳುವುದು ಕೆಪೆಕ್ ಸಂಸ್ಥೆ. ಯೋಜನೆಯ ಅವಧಿ ಇನ್ನೂ ಇದೆಯೇ ಎಂದು ಅರ್ಜಿಗೆ ಮುಂಚೆ ಕೇಳಿಕೊಳ್ಳಬೇಕು. ಸಹಾಯಧನ ಸಿಗುತ್ತದೆಂದು ಬೇಡದ ಯಂತ್ರ ಕೊಂಡು ಷೆಡ್ಡಿನಲ್ಲಿ ನಿಲ್ಲಿಸಿದವರನ್ನೂ ಊರೂರಲ್ಲಿ ನೋಡಬಹುದು. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೆ ಆಧಾರ್, ಪ್ಯಾನ್ ಇದ್ದರೆ ಸಾಕು, ಪೂರ್ತಿ ಉಚಿತ. ಸರ್ಕಾರಿ ತಾಣದಂತೆಯೇ ಕಾಣುವ ಖಾಸಗಿ ತಾಣಗಳು ಅದಕ್ಕೇ ಸಾವಿರಗಟ್ಟಲೆ ಕೀಳುತ್ತವೆ. ಈ ನೋಂದಣಿ ಇರುವ ತಯಾರಕರಿಗೆ ದೊಡ್ಡ ಅಂಗಡಿಯವರು 45 ದಿನದೊಳಗೆ ದುಡ್ಡು ಕೊಡಬೇಕೆಂದು 2006ರ ಕಾಯ್ದೆ ಹೇಳುತ್ತದೆ. ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ.

ಅಮೆರಿಕದ ಮಗನ ಮನೆಗೆ ಕಳಿಸಿದ ಚಟ್ನಿಪುಡಿ ರುಚಿ ಹತ್ತಿ, ಅಲ್ಲಿನ ಕನ್ನಡ ಕೂಟದವರಿಂದ ಆರ್ಡರ್ ಬರುವುದೂ ಉಂಟು. ದುಡ್ಡು ತೆಗೆದುಕೊಂಡು ಕಳಿಸಿದರೆ ಅದು ರಫ್ತು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ (ಡಿಜಿಎಫ್‌ಟಿ) 500 ರೂಪಾಯಿ ಶುಲ್ಕದ ಐಇಸಿ, ಅಂದರೆ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು, ಜಿಎಸ್‌ಟಿ ನೋಂದಣಿ ಬೇಕು. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಸುಂಕವಿಲ್ಲ ಎಂಬ ರಿಯಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ನಿಲ್ಲಿಸಿದೆ. ಸುಂಕ ಯಾರು ಕಟ್ಟುವುದೆಂದು ಮೊದಲೇ ಮಾತಾಡಿಕೊಳ್ಳದಿದ್ದರೆ ಅಲ್ಲಿನ ಗಿರಾಕಿಗೂ ಇಲ್ಲಿನವರಿಗೂ ಮನಸ್ತಾಪ ಖಚಿತ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ತಕರಾರು ಕಾಗದಪತ್ರಗಳ ಬಗ್ಗೆ ಅಲ್ಲ. ಆಹಾರದ ನೋಂದಣಿ, ಲೇಬಲ್, ತಕ್ಕಡಿಯ ಮುದ್ರೆ ಎಲ್ಲವೂ ತಿನ್ನುವವರ ಹಿತಕ್ಕೆ ಇರುವಂಥವು, ಖರ್ಚೂ ಹೆಚ್ಚಿಲ್ಲ. ತಕರಾರು ರಾಜ್ಯದ ಗಡಿಯದು. ಇಡೀ ದೇಶ ಒಂದೇ ಮಾರುಕಟ್ಟೆಯಾಗಲಿ ಎಂದು ತಂದ ತೆರಿಗೆಯಲ್ಲಿ, ಬೆಳಗಾವಿಯ ಹೆಣ್ಣುಮಗಳು ಬೆಂಗಳೂರಿಗೆ ಮಾರಿದರೆ 40 ಲಕ್ಷದ ರಿಯಾಯಿತಿ, ಹತ್ತಿರದ ಕೊಲ್ಹಾಪುರಕ್ಕೆ ಮಾರಿದರೆ ಸೊನ್ನೆ. ಸೇವೆಗೂ ಕೈಕಸುಬಿಗೂ ಕೊಟ್ಟ 20 ಲಕ್ಷದ ಮಿತಿಯನ್ನು ಮನೆಯಲ್ಲಿ ಮಾಡಿದ ತಿನಿಸಿಗೂ ಕೊಡುವಂತೆ ಜಿಎಸ್‌ಟಿ ಮಂಡಳಿಯಲ್ಲಿ ಕರ್ನಾಟಕ ಒತ್ತಾಯಿಸಬೇಕು. ಸ್ವಸಹಾಯ ಸಂಘಗಳ ಒಕ್ಕೂಟಗಳು ಈ ಬೇಡಿಕೆಯನ್ನು ಬರವಣಿಗೆಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಗೆ ಕೊಡಬೇಕು. ನಿಯಮ ಬದಲಾಗುವವರೆಗೆ, ಹೊರರಾಜ್ಯದ ಮೊದಲ ಆರ್ಡರ್ ಒಪ್ಪಿಕೊಳ್ಳುವ ಮುಂಚೆ ಜಿಎಸ್‌ಟಿ ನಂಬರ್ ಪಡೆದುಕೊಳ್ಳಿ.